ಅಪ್‌ಡೇಟ್: ನಕ್ಷತ್ರಕ್ಕೆ ಕೊನೆಗೂ ಮೊನೆ ಬಂತು

ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆಯ) ತುಂಡುಗಳಿಂದ ಕೌದಿಗೆ, ಅಂದರೆ ತುಂಡು ಬಟ್ಟೆಗಳ ಹೊದಿಕೆಗೆ, ನಕ್ಷತ್ರ ಹೊಲಿದರೆ ಮೊನೆಗಳೆಲ್ಲ ಹೊಲಿಗೆಯೊಳಗೆ ಮುಳುಗುತ್ತಿವೆ ಎಂದು ಬಾಗಲಕೋಟೆಯಿಂದ ಹೋದ ವಾರ ಕೇಳಿದ್ದೆ. ಚೌಕಗಳನ್ನು ತುಸು ದೊಡ್ಡದಾಗಿ ಕತ್ತರಿಸಿ ಎಂದವರ ಮಾತೇ ಫಲಿಸಿತು. 4 ಇಂಚಿನ ಎರಡು ಚೌಕಗಳನ್ನು ಒಂದರ ಮೇಲೊಂದಿಟ್ಟು, ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಎರಡೂ ಬದಿಗೆ ಕಾಲು ಇಂಚು ಬಿಟ್ಟು ಹೊಲಿದು, ಗೆರೆಯ ಮೇಲೆ ಕತ್ತರಿಸಿದೆ. ಬಂದ ಎರಡು ತುಂಡುಗಳನ್ನು ಬಿಡಿಸಿ, ಅಂಚು ಕತ್ತರಿಸಿ 3.5 ಇಂಚಿನ ಚೌಕ ಮಾಡಿದೆ. ಇಂಥ 8 ತುಂಡು, ಅದೇ ಅಳತೆಯ 8 ಬಿಡಿ ಚೌಕ ಸೇರಿದರೆ 12.5 ಇಂಚಿನ ನಕ್ಷತ್ರ. ದಪ್ಪ ದಾರದ ಸಲಹೆ ಮಾತ್ರ ಕೈಕೊಟ್ಟಿತು, ಹೊಲಿಗೆ ಉಬ್ಬಿತು. ಅಚ್ಚರಿಯೆಂದರೆ, ಅರ್ಧ ತಪ್ಪು ನನ್ನ ಇಸ್ತ್ರಿಯದು! ಓರೆ ಅಂಚನ್ನು ಉಜ್ಜಿದರೆ ಬಟ್ಟೆ ಹಿಗ್ಗುತ್ತದೆ; ಒತ್ತಿ, ಎತ್ತಬೇಕು. "ಕೌದಿಗೂ ಇಷ್ಟು ಅಳತೆಯೇ?" ಎಂದು ಅತ್ತೆಯವರು ಇನ್ನೂ ನಗುತ್ತಿದ್ದಾರೆ.