ಆಪ್ತ ಗೆಳತಿಯ ಮದುವೆಯೋ, ಮೊದಲೇ ಗೊತ್ತಾಗಿದ್ದ ಕಾಶಿ ಯಾತ್ರೆಯೋ?

ಕೇಳಿದವರು, ಬೆಂಗಳೂರಿನಿಂದ:
ಹಾಸ್ಟೆಲ್ ದಿನಗಳಿಂದ ಜೊತೆಗಿರುವ ಗೆಳತಿಯ ಮದುವೆ ಶ್ರಾವಣದಲ್ಲಿ, ತಿಪಟೂರಿನಲ್ಲಿ ನಿಶ್ಚಯವಾಗಿದೆ. ಅದೇ ವಾರ ಎಪ್ಪತ್ತು ದಾಟಿದ ಅಮ್ಮನನ್ನು ಕಾಶಿಗೆ ಕರೆದೊಯ್ಯಲು, ರಾಜ್ಯ ಸರ್ಕಾರದ ಸಹಾಯಧನವಿರುವ ಭಾರತ್ ಗೌರವ್ ಕಾಶಿ ದರ್ಶನ ರೈಲಿನಲ್ಲಿ ಮೊದಲೇ ಸೀಟು ಕಾಯ್ದಿರಿಸಿದ್ದೇನೆ. ಮದುವೆ ತಪ್ಪಿಸಿದರೆ ಸ್ನೇಹಕ್ಕೆ ಪೆಟ್ಟು ಬೀಳುತ್ತದೆಯೇ? ಇಂಥ ಇಕ್ಕಟ್ಟನ್ನು ಅನುಭವಿಸಿದವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ, ನಿವೃತ್ತ ಶಿಕ್ಷಕಿ:
ಎರಡರಲ್ಲಿ ಯಾವುದನ್ನು ಮುಂದೂಡಲು ಸಾಧ್ಯ ಎಂಬುದನ್ನು ಮೊದಲು ನೋಡಿಕೊಳ್ಳಿ. ಆಷಾಢದಲ್ಲಿ ಮದುವೆ ಮಾಡುವವರು ನಮ್ಮಲ್ಲಿ ಕಡಿಮೆಯಾದ್ದರಿಂದ ಶ್ರಾವಣ ಬಂತೆಂದರೆ ಛತ್ರಗಳೆಲ್ಲ ಭರ್ತಿಯಾಗುತ್ತವೆ. ಎರಡೂ ಮನೆಯವರು ಒಪ್ಪುವ ಮುಹೂರ್ತ ಮತ್ತು ಖಾಲಿ ಇರುವ ಛತ್ರ ಒಂದೇ ದಿನಕ್ಕೆ ಕೂಡಿಬರುವುದೇ ಕಷ್ಟ. ಆದ್ದರಿಂದ ನಿಮ್ಮನ್ನು ಕೇಳದೆ ದಿನ ಗೊತ್ತುಮಾಡಿದರೆಂದು ಬೇಸರಪಟ್ಟುಕೊಳ್ಳಬೇಡಿ. ಯಾತ್ರೆಯ ವಿಷಯಕ್ಕೆ ಬಂದರೆ, ಆ ರೈಲು ಮತ್ತೊಮ್ಮೆ ಹೊರಡುವವರೆಗೆ ಕಾಯಬಹುದು, ಇಲ್ಲವೇ ಬೆಂಗಳೂರಿನಿಂದ ದಿನವೂ ಹೊರಡುವ ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ ಕಾಶಿಗೆ ಹತ್ತಿರದ ದೀನದಯಾಳ್ ಉಪಾಧ್ಯಾಯ ಜಂಕ್ಷನ್‌ವರೆಗೆ, ಅಂದರೆ ಹಳೆಯ ಮೊಘಲ್‌ಸರಾಯ್‌ವರೆಗೆ, ನೀವೇ ಹೋಗಬಹುದು. ಆದರೆ ಊಟ, ವಸತಿ, ಊರೊಳಗಿನ ಓಡಾಟ ಎಲ್ಲವನ್ನೂ ಆಗ ನೀವೊಬ್ಬರೇ ನೋಡಿಕೊಳ್ಳಬೇಕಾಗುತ್ತದೆ.

ಇನ್ನೊಂದು ಮಾತು, ಅಮ್ಮನ ಮೊಣಕಾಲು ಹೇಗಿದೆ? ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋದ ವರ್ಷ ಅವರು ದಶಾಶ್ವಮೇಧ ಘಾಟಿನ ಮೆಟ್ಟಿಲುಗಳನ್ನು ನನ್ನ ತೋಳು ಹಿಡಿದು, ಎರಡು ಮೆಟ್ಟಿಲಿಗೊಮ್ಮೆ ನಿಂತು, ತಾವೇ ಇಳಿದು ಗಂಗೆಯಲ್ಲಿ ಮಿಂದರು. ಮರುವರ್ಷ ಮನೆಯ ಜಗಲಿ ಇಳಿಯುವುದೂ ಅವರಿಗೆ ಆಗಲಿಲ್ಲ. ಆ ಯಾತ್ರೆಗಾಗಿ ಸಹೋದ್ಯೋಗಿಯೂ ಗೆಳತಿಯೂ ಆಗಿದ್ದವಳ ಮದುವೆಯನ್ನು ತಪ್ಪಿಸಿದೆ. ಹೊರಡುವ ಮುಂಚೆ ಅವಳ ಮನೆಗೆ ಹೋಗಿ, ಅರಿಶಿನ ಕುಂಕುಮ ಕೊಟ್ಟು, ಅವಳ ತಾಯಿಯವರಿಗೂ ಕಾರಣ ತಿಳಿಸಿ ಬಂದೆ. ಇಂದಿಗೂ ನಾವಿಬ್ಬರೂ ಅಷ್ಟೇ ಆಪ್ತರು. ಅಮ್ಮನ ದೇಹಸ್ಥಿತಿ ಇಳಿಮುಖವಾಗಿದ್ದರೆ ಯಾತ್ರೆಯನ್ನು ಬಿಡಬೇಡಿ ಎಂಬುದೇ ನನ್ನ ಸಲಹೆ.

ಹುಬ್ಬಳ್ಳಿಯಿಂದ:
ಅಮ್ಮನವರು ಗಟ್ಟಿಮುಟ್ಟಾಗಿದ್ದು, ಚಿಂತೆ ಇರುವುದು ಟಿಕೆಟ್ಟಿನ ಹಣದ್ದು ಮಾತ್ರವಾದರೆ, ಅದು ಹೋದರೆ ಹೋಗಲಿ, ಮದುವೆಗೆ ಹೋಗಿ. ಅಣ್ಣನೋ ತಂಗಿಯೋ ಅಮ್ಮನ ಜೊತೆ ಹೋಗಲು ಸಿದ್ಧರಿದ್ದಾರೆಯೇ ಎಂದೂ ವಿಚಾರಿಸಿ.

ದಾವಣಗೆರೆಯಿಂದ:
ನಾನು ಬರೆಯುತ್ತಿರುವುದು ಮದುಮಗನಾಗಿ ಕಂಡದ್ದನ್ನು. ನನ್ನ ಆಪ್ತ ಗೆಳೆಯರಿಬ್ಬರು ಮದುವೆಗೆ ಬರಲಾಗಲಿಲ್ಲ. ಒಬ್ಬನಿಗೆ ಅದೇ ದಿನ ಪರೀಕ್ಷೆಯಿತ್ತು. ಲಗ್ನಪತ್ರಿಕೆ ಅಚ್ಚಾಗುವ ಮುಂಚೆಯೇ ಅವನು ಮನೆಗೆ ಬಂದು ಅದನ್ನು ತಿಳಿಸಿದ. ಚಪ್ಪರ ಹಾಕುವ ದಿನ ಬಂದು, ಸಂಜೆಯವರೆಗೆ ಏಣಿಯ ಮೇಲೆ ನಿಂತು ಮಾವಿನ ತೋರಣ ಕಟ್ಟಿ, ಅಪ್ಪನ ಪಕ್ಕ ಕೂತು ಊಟ ಮಾಡಿ ಹೋದ. ಬೀಗರ ಊಟಕ್ಕೆ ಮತ್ತೆ ಬಂದ. ಧಾರೆಯ ಫೋಟೋಗಳಲ್ಲಿ ಅವನಿಲ್ಲ, ಆದರೂ ನಮ್ಮ ಮನೆಯವರ ನೆನಪಿನಲ್ಲಿ ಅವನು ಆ ಮದುವೆಗೆ ಬಂದವನೇ. ಇನ್ನೊಬ್ಬ ಕೊನೆಯವರೆಗೂ ‘ಖಂಡಿತ ಬರುತ್ತೇನೆ’ ಎನ್ನುತ್ತಿದ್ದು, ಹಿಂದಿನ ರಾತ್ರಿ ವಾಟ್ಸಾಪ್ ಸಂದೇಶ ಕಳುಹಿಸಿದ. ಮುಯ್ಯಿ ಬರೆದುಕೊಳ್ಳಲು ಅವನನ್ನೇ ನಂಬಿಕೊಂಡಿದ್ದೆವು. ಬೆಳಿಗ್ಗೆ ಛತ್ರದ ಬಾಗಿಲಲ್ಲಿ ಪುಸ್ತಕ ಹಿಡಿದು ಕೂರುವವರಿಲ್ಲದೆ, ಬಂದವರನ್ನು ಉಪಚರಿಸಬೇಕಾಗಿದ್ದ ಚಿಕ್ಕಪ್ಪನೇ ಅಲ್ಲಿ ಕೂರಬೇಕಾಯಿತು. ಅವನು ಬರದಿದ್ದುದಕ್ಕಿಂತ ನಮ್ಮನ್ನು ಕಾಯಿಸಿದ್ದೇ ಹೆಚ್ಚು ನೋವು ಕೊಟ್ಟಿತು.

ಹಾಗಾಗಿ ಯಾತ್ರೆಗೆ ಹೋಗುವುದೆಂದು ನಿರ್ಧರಿಸಿದರೆ ಈ ವಾರವೇ ಗೆಳತಿಯನ್ನು ಕಂಡು ಹೇಳಿ, ಫೋನಿನಲ್ಲಿ ಬೇಡ. ಅವರು ನಿಮಗೆಂದು ಯಾವ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ ಎಂದು ಕೇಳಿ. ಸೀರೆ ಖರೀದಿಯೋ, ಕರೆಯೋಲೆ ಹಂಚುವುದೋ, ಮುಂಚೆ ಮಾಡಬಹುದಾದದ್ದನ್ನು ಮಾಡಿಕೊಡಿ, ಉಳಿದದ್ದಕ್ಕೆ ಬೇರೆಯವರನ್ನು ಗೊತ್ತುಮಾಡಿಕೊಳ್ಳಲು ಅವರಿಗೆ ಸಮಯವಿರುತ್ತದೆ. ರೈಲು ಹೊರಡುವುದು ಮದುವೆಯ ದಿನವೇ ಆಗಿದ್ದರೆ, ಹಿಂದಿನ ಸಂಜೆಯ ವರಪೂಜೆಗೆ ತಿಪಟೂರಿಗೆ ಹೋಗಿ ರಾತ್ರಿಯೇ ಬೆಂಗಳೂರಿಗೆ ಮರಳಲು ಆಗುತ್ತದೆಯೇ ಎಂಬುದನ್ನೂ ಲೆಕ್ಕ ಹಾಕಿ ನೋಡಿ.