ಎರಡು ತಂತಿಯ ಶೆಡ್ಡಿಗೆ ಮೂರು ತಂತಿಯ ಲೇತು

ನಮ್ಮ ಗೆಳೆಯನಿಗೆ ಹಳೇ ಲೇತೊಂದು, ಅಂದರೆ ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರ, ಸಿಕ್ಕಿತು. ಇವನಿಗೆ ಅದು ಸಿಕ್ಕಿತೋ, ಅದಕ್ಕೆ ಇವನು ಸಿಕ್ಕಿಬಿದ್ದನೋ, ಆ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ. ಅಂದಿನಿಂದ ಅವನ ಹೆಸರು ಲೇತಪ್ಪ. ಹೆಗಲು ಕೊಟ್ಟು ಅದನ್ನು ಶೆಡ್ಡಿನೊಳಗೆ ಇಳಿಸಿದ ನಾಲ್ವರಲ್ಲಿ ನಾನೂ ಒಬ್ಬ. ನಾಲ್ವರು ಹೆಗಲು ಕೊಡುವುದು ಸಾಮಾನ್ಯವಾಗಿ ಯಾವುದಕ್ಕೆ ಅಂತ ಆಗಲೇ ಹೊಳೆಯಬೇಕಿತ್ತು.

ಇಳಿಸಿ ಬೆವರು ಒರೆಸಿಕೊಂಡ ಮೇಲೆ ನೋಡುತ್ತೇವೆ, ಮೋಟಾರಿನಿಂದ ಹೊರಗೆ ಬಂದಿರುವುದು ಮೂರು ವೈರು. ಶೆಡ್ಡಿಗೆ ಬಂದಿರುವುದು ಒಂದು ಫೇಸು, ಒಂದು ನ್ಯೂಟ್ರಲ್ಲು.

"ಎರಡಕ್ಕೆ ಎರಡು ಕೊಡೋಣ, ಮೂರನೇದು ಸುಮ್ನೆ ಕೂತಿರಲಿ" ಅಂದ ಲೇತಪ್ಪ. ಬೆಲ್ಟು ಬಿಚ್ಚಿಟ್ಟು ಸ್ವಿಚ್ಚು ಒತ್ತಿದ. ಮೋಟಾರು ಗುಂಯ್ ಅಂತು. ತಿರುಗಲಿಲ್ಲ. ಆಫ್ ಮಾಡಿ, ಪುಲ್ಲಿಗೆ ಹಗ್ಗ ಸುತ್ತಿ, ಮತ್ತೆ ಕರೆಂಟು ಕೊಟ್ಟು ಹಗ್ಗ ಜಗ್ಗಿದ. ಜುಮ್ಮನೆ ತಿರುಗತೊಡಗಿತು! ನಾವು ಚಪ್ಪಾಳೆ ಹೊಡೆದೆವು. ನಿಲ್ಲಿಸಿ, ಹಗ್ಗವನ್ನು ಆ ಕಡೆಯಿಂದ ಸುತ್ತಿ ಎಳೆದ. ಅಷ್ಟೇ ಖುಷಿಯಾಗಿ ಉಲ್ಟಾ ತಿರುಗಿತು. ಚಪ್ಪಾಳೆ ನಿಂತಿತು.

ಇಂಥ ಹೊತ್ತಿಗೆಂದೇ ನಮ್ಮ ಗುಂಪಿನಲ್ಲಿ ಮೇಷ್ಟ್ರಿದ್ದಾರೆ. ಫಿಸಿಕ್ಸ್ ಹೇಳಿ ನಿವೃತ್ತರಾದವರು. ಹೇಳುವುದರಿಂದ ಮಾತ್ರ ನಿವೃತ್ತರಾಗಿಲ್ಲ.

"ಮೂರು ಫೇಸು ಅಂದ್ರೆ 120 ಡಿಗ್ರಿ ಅಂತರದಲ್ಲಿ ಒಂದರ ಹಿಂದೆ ಒಂದು ಬರೋದು. ಅದರಿಂದ ಸ್ಟೇಟರಿನ, ಅಂದ್ರೆ ಮೋಟಾರಿನ ಅಲುಗಾಡದ ಹೊರಭಾಗದ, ಒಳಗೆ ಅಯಸ್ಕಾಂತದ ಕ್ಷೇತ್ರ ಗಿರಗಿರ ಸುತ್ತುತ್ತೆ, ಒಳಗೆ ತಿರುಗೋ ರೋಟರ್ ಅದರ ಬೆನ್ನು ಹತ್ತಿ ಓಡುತ್ತೆ. ಒಂದೇ ಫೇಸು ಕೊಟ್ರೆ ಕ್ಷೇತ್ರ ಸುತ್ತಲ್ಲ, ಉಯ್ಯಾಲೆ ಥರ ಆಚೆಗೂ ಈಚೆಗೂ ತೂಗುತ್ತೆ. ಎಡಕ್ಕೆ ಹೋಗ್ಬೇಕೋ ಬಲಕ್ಕೋ ಅಂತ ರೋಟರಿಗೇ ಗೊತ್ತಾಗಲ್ಲ. ಯಾರು ಯಾವ ಕಡೆ ತಳ್ತಾರೋ ಆ ಕಡೆ."

"ಥೇಟ್ ನಮ್ಮ ಲೇತಪ್ಪ" ಅಂದೆ ನಾನು.

ಮೇಷ್ಟ್ರು ನಿಲ್ಲಿಸಲಿಲ್ಲ. "ಈ ಥರದ ಮೋಟಾರನ್ನ 1889ರಲ್ಲೇ ಡೊಲಿವೊ-ಡೊಬ್ರೊವೊಲ್ಸ್ಕಿ ಅನ್ನೋ ಇಂಜಿನಿಯರು ಮಾಡಿದ್ರು. 1891ರಲ್ಲಿ ಜರ್ಮನಿಯ ಲೌಫೆನ್‌ನಿಂದ ಫ್ರಾಂಕ್‌ಫರ್ಟ್ ಪ್ರದರ್ಶನಕ್ಕೆ ಸುಮಾರು 175 ಕಿಲೋಮೀಟರ್ ದೂರ ಮೂರು ಫೇಸ್ ಕರೆಂಟು ತಂದು ತೋರಿಸಿದ್ರು, ಗೊತ್ತಾ?"

"ಅವರು 175 ಕಿಲೋಮೀಟರ್ ತಂದ್ರು ಮೇಷ್ಟ್ರೇ. ನಂಗೆ ಆ ಕಂಬದಿಂದ ಈ ಶೆಡ್ಡಿಗೆ ತರೋಕಾಗ್ತಿಲ್ಲ" ಅಂದ ಲೇತಪ್ಪ.

ಆಗ ಬಾಯಿ ಬಿಟ್ಟವನು ವೈಂಡಿಂಗ್ ಅಣ್ಣ. ಸುಟ್ಟ ಮೋಟಾರುಗಳ ವಾಸನೆಯಲ್ಲೇ ಅರ್ಧ ಆಯಸ್ಸು ಕಳೆದವನು, ಮಾತು ಕಮ್ಮಿ. "ಕೆಪಾಸಿಟರ್ ಹಾಕ್ಬಹುದು. 230 ವೋಲ್ಟು, 50 ಹರ್ಟ್ಸ್‌ಗೆ ಕಿಲೋವ್ಯಾಟಿಗೆ ಸುಮಾರು 70 ಮೈಕ್ರೋಫ್ಯಾರಡ್. ಮೂರನೇ ವೈರಿಗೆ ಅದೇ ಫೇಸನ್ನ ಸ್ವಲ್ಪ ಜರುಗಿಸಿ ಕೊಡುತ್ತೆ. ಆದ್ರೆ ಶಕ್ತಿ ಪೂರ್ತಿ ಸಿಗಲ್ಲ, ಮೂರನೇ ಎರಡು ಭಾಗ ಬಂದ್ರೆ ಪುಣ್ಯ. ಲೋಡು ಹೆಚ್ಚು ಕಮ್ಮಿ ಆದ್ರೆ ಲೆಕ್ಕ ತಪ್ಪುತ್ತೆ. ಮೋಟಾರು ನಡುಗುತ್ತೆ, ತಿರುಗಿಸಿದ ಕಬ್ಬಿಣದ ಮೇಲೆ ಆ ನಡುಕದ ಗೆರೆ ಕಾಣುತ್ತೆ."

"ಬೇರೆ ದಾರಿ?"

"ರೋಟರಿ ಕನ್ವರ್ಟರು. ಇದಕ್ಕಿಂತ ದೊಡ್ಡ ತ್ರೀ ಫೇಸ್ ಮೋಟಾರನ್ನ ಸಿಂಗಲ್ ಫೇಸಲ್ಲಿ ಹೇಗೋ ಸ್ಟಾರ್ಟ್ ಮಾಡಿ ಖಾಲಿ ಓಡಿಸ್ತಾ ಇರೋದು. ಮೂರನೇ ಫೇಸು ಅದರಿಂದ ಹುಟ್ಟುತ್ತೆ."

"ಒಂದು ಕೆಲಸ ಮಾಡೋವಾಗ ಇನ್ನೊಂದು ಪಕ್ಕದಲ್ಲಿ ಸುಮ್ನೆ ಸದ್ದು ಮಾಡ್ತಾ ಇರಬೇಕಾ?" ಅಂದ ಲೇತಪ್ಪ.

ಆಮೇಲೆ ಒಂದು ಸುತ್ತು ನಮ್ಮೆಲ್ಲರ ಮುಖ ನೋಡಿದ. "ಅದು ಈಗಾಗ್ಲೇ ಇದೆಯಲ್ಲ."

ಕೊನೆಗೆ ಡ್ರೈವು ಅಂತ ತೀರ್ಮಾನವಾಯಿತು. ವಿಎಫ್‌ಡಿ (ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್) ಅಂತಾರಲ್ಲ, ಅದೇ. ಬಂದ ಏಸಿಯನ್ನು ಡಿಸಿ ಮಾಡಿಕೊಂಡು, ಮತ್ತೆ ಅದನ್ನೇ ಕತ್ತರಿಸಿ ಮೂರು ಫೇಸಾಗಿ ಹೊರಗೆ ಕೊಡುವ ಡಬ್ಬ. ನನಗಂತೂ ಇದೇ ಸರಿ ಅನ್ನಿಸಿತು. ಡ್ರೈವು ಬಂದ ದಿನ ಲೇತಪ್ಪ ವೈರು ಹಿಡಿದು ನುಗ್ಗಿದ. ವೈಂಡಿಂಗ್ ಅಣ್ಣ ಅವನ ಕೈ ಹಿಡಿದ.

"ನೇಮ್ ಪ್ಲೇಟ್ ಓದಿದ್ಯಾ?"

"ಮೋಟಾರಿನ ಹೆಸರು ಕಟ್ಕೊಂಡು ನಂಗೇನು?"

"ಇದಕ್ಕೆ 230 ಕೊಟ್ರೆ 230 ವೋಲ್ಟಿನ ತ್ರೀ ಫೇಸೇ ಬರೋದು, 400 ಬರಲ್ಲ. ನಿನ್ ಮೋಟಾರಿಗೆ ಎಷ್ಟು ಬೇಕು?"

ಯಾರಿಗೂ ಗೊತ್ತಿರಲಿಲ್ಲ. ಯಾಕೆಂದರೆ ಹಿಂದಿನ ಯಜಮಾನ ಮೋಟಾರಿನ ಜೊತೆಗೆ ಪ್ಲೇಟಿಗೂ ಹಸಿರು ಬಣ್ಣ ಬಳಿದಿದ್ದ. ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ, ಉಗುರಲ್ಲಿ ಕೆರೆದು, ಟಾರ್ಚನ್ನು ಓರೆಯಾಗಿ ಹಿಡಿದಾಗ ಅಕ್ಷರ ಒಂದೊಂದೇ ಎದ್ದು ಬಂದವು: 1.5 ಕಿಲೋವ್ಯಾಟ್. ತ್ರಿಕೋನದ ಗುರುತಿನ ಕೆಳಗೆ 230, ಕವೆಗೋಲಿನ ಗುರುತಿನ ಕೆಳಗೆ 400. ವೈಂಡಿಂಗ್ ಅಣ್ಣ ಮೊದಲ ಸಲ ನಕ್ಕ.

ಟರ್ಮಿನಲ್ ಪೆಟ್ಟಿಗೆ ಬಿಚ್ಚಿದರೆ ಒಳಗೆ ಆರು ಕಂಬಿ, ಎರಡು ಸಾಲು. ಒಂದು ಸಾಲಿನ ಮೂರನ್ನೂ ಹಿತ್ತಾಳೆ ಪಟ್ಟಿ ಅಡ್ಡಡ್ಡ ಕಟ್ಟಿಹಾಕಿತ್ತು. "ಇದು ಸ್ಟಾರು, 400ಕ್ಕೆ" ಅಂದವನೇ ಪಟ್ಟಿಗಳನ್ನು ಬಿಚ್ಚಿ, ಮೇಲಿನದಕ್ಕೂ ಕೆಳಗಿನದಕ್ಕೂ ಸೇರಿಸಿ ಉದ್ದುದ್ದ ಮೂರು ಜೋಡಿ ಮಾಡಿದ. "ಈಗ ಡೆಲ್ಟಾ, 230ಕ್ಕೆ. ಆರರ ಬದಲು ಮೂರೇ ತುದಿ ಹೊರಗೆ ಬಂದಿದ್ರೆ ವೈಂಡಿಂಗ್ ಒಳಗಿರೋ ಸ್ಟಾರ್ ಗಂಟು ಹುಡುಕಿ, ಬಿಚ್ಚಿ, ಉಳಿದ ಮೂರನ್ನ ಎಳ್ಕೋಬೇಕಿತ್ತು." ಹತ್ತು ನಿಮಿಷದ ಕೆಲಸ. ಇದಕ್ಕೂ ಮುಂಚೆ ನಾವು ಹರಟಿದ್ದು ಮೂರು ವಾರ.

ಆಮೇಲೆ ಬೈಗುಳದ ಸರದಿ. ಲೇತಪ್ಪ ಹಳೇ ಸ್ವಿಚ್ಚನ್ನು ಡ್ರೈವಿಗೂ ಮೋಟಾರಿಗೂ ನಡುವೆ ಹಾಕಲು ಹೋಗಿ ಬೈಸಿಕೊಂಡ. ಓಡುವಾಗ ಅಲ್ಲಿ ಕಡಿದರೆ ಡ್ರೈವೇ ಸಾಯಬಹುದಂತೆ. ಸ್ವಿಚ್ಚಿನ ಸಣ್ಣ ವೈರು ಡ್ರೈವಿನ ಕಂಟ್ರೋಲ್ ಟರ್ಮಿನಲ್ಲಿಗೆ ಹೋಗಬೇಕು. ಮೋಟಾರಿನ ಕರೆಂಟು ಎಷ್ಟು ಅಂತ ಡ್ರೈವಿಗೆ ತುಂಬುವಾಗ ಪ್ಲೇಟಿನಲ್ಲಿ 400ರ ಕೆಳಗಿದ್ದ 3.5 ಆಂಪಿಯರ್ ತುಂಬಿ ಬೈಸಿಕೊಂಡ. ಡೆಲ್ಟಾಕ್ಕೆ ಸುಮಾರು 6 ಬೇಕು. ಮೇನ್ ಆಫ್ ಮಾಡಿದ ಕೂಡಲೇ ಡ್ರೈವಿನ ಮುಚ್ಚಳ ತೆಗೆಯಲು ಹೋದಾಗ ಮಾತ್ರ ಬೈಗುಳ ಬರಲಿಲ್ಲ, ಕೈ ಮೇಲೆ ಪಟ್ಟನೆ ಏಟೇ ಬಿತ್ತು. "ಒಳಗಿನ ಕೆಪಾಸಿಟರಲ್ಲಿ 300 ವೋಲ್ಟಿಗಿಂತ ಮೇಲೆ ಡಿಸಿ ಕೂತಿರುತ್ತೆ. ದೀಪ ಆರಿತು ಅಂತ ಜೀವ ಹೋಗಿದೆ ಅಂದ್ಕೋಬೇಡ. ಡ್ರೈವಿನ ಮೇಲೆ ಎಷ್ಟು ನಿಮಿಷ ಅಂತ ಬರೆದಿದೆಯೋ ಅಷ್ಟು ಕಾಯಿ, ಆಮೇಲೂ ಮೀಟರ್ ಇಟ್ಟು ನೋಡು."

"ನಿಧಾನಕ್ಕೂ ಓಡಿಸ್ಬಹುದಲ್ಲ? 10 ಹರ್ಟ್ಸಲ್ಲಿ ಇಡೀ ದಿನ?"

"ಗಾಳಿ ಹಾಕೋ ಫ್ಯಾನೂ ಅದೇ ಶಾಫ್ಟಿಗೇ ಇರೋದು ಕಣೋ. ಅದೂ ನಿಧಾನ ಆಗುತ್ತೆ, ಮೋಟಾರು ಬೇಯುತ್ತೆ."

ಸ್ಟಾರ್ಟ್ ಆಗಿ ಪೂರ್ತಿ ವೇಗಕ್ಕೆ ಏರಲು ಎಷ್ಟು ಸೆಕೆಂಡು ಅಂತ ಡ್ರೈವು ಕೇಳುತ್ತೆ. ವೈಂಡಿಂಗ್ ಅಣ್ಣ ಅಂಗಳದಲ್ಲಿ ಕೈ ತೊಳೆಯುತ್ತಿದ್ದ. "ಮೂರು ವಾರ ಕಾದಿದ್ದು ಸಾಕು" ಅಂತ ಲೇತಪ್ಪ 1 ಅಂತ ತುಂಬಿದ. ಬೆಲ್ಟು ಏರಿಸಿದ. ಹಸಿರು ಗುಂಡಿ ಒತ್ತಿದ.

ಈ ಸಲ ಗುಂಯ್ ಇಲ್ಲ, ನಡುಕ ಇಲ್ಲ. ಎಡಕ್ಕೋ ಬಲಕ್ಕೋ ಅನ್ನುವ ಗೊಂದಲವೂ ರೋಟರಿಗೆ ಇರಲಿಲ್ಲ. ಖಚಿತವಾಗಿ ತಿರುಗಿತು, ಉಲ್ಟಾ. ಮೂರು ವೈರಿನಲ್ಲಿ ಯಾವ ಎರಡು ಅದಲುಬದಲಾದರೂ ದಿಕ್ಕು ಬದಲಾಗುತ್ತದೆ. ಮೇಷ್ಟ್ರು ಹೇಳಲು ಮರೆತದ್ದು ಅದೊಂದೇ. ಹಳೇ ಲೇತಿನಲ್ಲಿ ಕಬ್ಬಿಣವನ್ನು ಕಚ್ಚಿ ಹಿಡಿಯುವ ಚಕ್ಕು, ತಿರುಗುವ ಸ್ಪಿಂಡಲ್ಲಿನ ತುದಿಯ ಸ್ಕ್ರೂ ಸುತ್ತಿನ ಮೇಲೆ ತಿರುಪಿ ಕೂರಿಸಿದ್ದು. ಸ್ಪಿಂಡಲ್ ಒಂದೇ ಸೆಕೆಂಡಿನಲ್ಲಿ ಹಿಂದಕ್ಕೆ ಹಾರಿತು, ಭಾರದ ಚಕ್ಕು ಇದ್ದಲ್ಲೇ ಇರುತ್ತೇನೆ ಅಂತು. ನೋಡನೋಡುತ್ತ ಸುತ್ತು ಬಿಚ್ಚಿಕೊಂಡು ಹೊರಗೆ ಬಂತು, ಬೆಡ್ಡಿನ ಮೇಲೆ ಧಡ್ ಅಂತ ಬಿತ್ತು, ಅಲ್ಲಿಂದ ನೆಲಕ್ಕಿಳಿದು ಗಂಭೀರವಾಗಿ ಮೇಷ್ಟ್ರ ಕಡೆಗೆ ಉರುಳಿತು.

ಸದ್ದಿಗೆ ವೈಂಡಿಂಗ್ ಅಣ್ಣ ಒದ್ದೆ ಕೈಯಲ್ಲೇ ಓಡಿ ಬಂದ. ಮೇಷ್ಟ್ರು ಎರಡೂ ಕಾಲು ಬೆಂಚಿನ ಮೇಲೆ ಎತ್ತಿಕೊಂಡು ಕೂತಿದ್ದರು.

"ಏನಾಯ್ತು?"

"ಮೂರನೇ ಫೇಸು ಬಂತು" ಅಂದರು ಮೇಷ್ಟ್ರು.