ಬೆನ್ನುಹುರಿಗೆ ಪೆಟ್ಟು ಬಿದ್ದಾಗ ಉರಿಯೂತ ತಡೆಯಲು ಸ್ಟೀರಾಯ್ಡ್ ಕೊಡಬೇಕಿತ್ತಾ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ಅಣ್ಣ ಬೈಕಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ. ಆಪರೇಷನ್ ಆಗಿ ಎರಡು ವಾರವಾಯಿತು. ಪೆಟ್ಟಿಗಿಂತ ಆಮೇಲಿನ ಉರಿಯೂತವೇ ಜಾಸ್ತಿ ಹಾಳು ಮಾಡುತ್ತದೆ ಎಂದು ಓದಿದೆ. ಹಾಗಾದರೆ ಸ್ಟೀರಾಯ್ಡ್ ಕೊಟ್ಟು ತಡೆಯಬಹುದಿತ್ತಲ್ವಾ? ಆಸ್ಪತ್ರೆಯವರು ಕೊಡಲೇ ಇಲ್ಲ.

ಉತ್ತರ: ನಮಸ್ಕಾರ. ನೀವು ಓದಿದ್ದರಲ್ಲಿ ಅರ್ಧ ನಿಜ. ಬಿದ್ದ ಕ್ಷಣದಲ್ಲಿ ಜಜ್ಜಿಹೋದ ನರಕೋಶಗಳು ಒಂದು ಪಾಲು. ಅದರ ಹಿಂದೆಯೇ ಎರಡನೇ ಹಾನಿ ಶುರುವಾಗುತ್ತದೆ. ರಕ್ತನಾಳ ಒಡೆದು ಆ ಜಾಗಕ್ಕೆ ಆಮ್ಲಜನಕ ಸಾಲುವುದಿಲ್ಲ. ಸಾಯುವ ಕೋಶಗಳಿಂದ ಗ್ಲುಟಮೇಟ್ ಎಂಬ ಸಂದೇಶ ಒಯ್ಯುವ ರಾಸಾಯನಿಕ ಸೋರುತ್ತದೆ. ಅದು ಪಕ್ಕದ ಕೋಶಗಳನ್ನು ಮಿತಿಮೀರಿ ಕೆರಳಿಸುತ್ತದೆ, ಅವುಗಳೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಅವೂ ಸಾಯುತ್ತವೆ. ಅಂದರೆ ಪೆಟ್ಟೇ ಬೀಳದ ಕೋಶವೂ ಹೋಗಬಹುದು.

ಇದರ ಜೊತೆಗೇ ಉರಿಯೂತ. ಬೆನ್ನುಹುರಿಯಲ್ಲೇ ಇರುವ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳು ಮೊದಲು ಎಚ್ಚರಗೊಳ್ಳುತ್ತವೆ. ಕೆಲವೇ ಗಂಟೆಗಳಲ್ಲಿ ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬರುತ್ತವೆ, ಕೆಲವು ದಿನಗಳಲ್ಲಿ ಕಸ ನುಂಗುವ ಮ್ಯಾಕ್ರೋಫೇಜ್ ಕೋಶಗಳು. ಇವು ಬಿಡುವ ರಾಸಾಯನಿಕಗಳು ಒಳ್ಳೆಯ ಕೋಶಗಳನ್ನೂ ಸುಡುತ್ತವೆ, ನಿಜ. ಆದರೆ ಸತ್ತ ಕೋಶಗಳ ಕಸ ತೆಗೆಯುವವರೂ ಇವರೇ. ಕಸ ಹಾಗೇ ಉಳಿದರೆ ರಿಪೇರಿಯೇ ಆಗುವುದಿಲ್ಲ. ಪೂರ್ತಿ ಅಡಗಿಸುವುದು ಒಳ್ಳೆಯದಲ್ಲ ಅನ್ನುವುದು ಅದಕ್ಕೇ.

ಈಗ ಸ್ಟೀರಾಯ್ಡ್ ವಿಷಯ. 1990ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಬಂತು. ಪೆಟ್ಟಾದ 8 ಗಂಟೆಯೊಳಗೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಶುರು ಮಾಡಿದವರಿಗೆ ಸ್ವಲ್ಪ ಲಾಭ ಕಂಡಿತು ಎಂದಿತು. ವರ್ಷಗಟ್ಟಲೆ ಎಲ್ಲರೂ ಕೊಟ್ಟರು. ಆಮೇಲೆ ಆ ಲೆಕ್ಕಾಚಾರದ ಬಗ್ಗೆಯೇ ತಕರಾರು ಎದ್ದಿತು. ಸೋಂಕು, ಹೊಟ್ಟೆಯಲ್ಲಿ ರಕ್ತಸ್ರಾವ ಜಾಸ್ತಿಯಾಗುವುದೂ ಕಂಡಿತು. 2013ರಲ್ಲಿ ಅಲ್ಲಿನ ನರಶಸ್ತ್ರ ವೈದ್ಯರ ಸಂಘಗಳು ಬೇಡ ಎಂದವು. 2017ರ ಇನ್ನೊಂದು ಮಾರ್ಗಸೂಚಿ 8 ಗಂಟೆಯೊಳಗಾದರೆ ಕೊಡುವುದನ್ನು ಯೋಚಿಸಬಹುದು ಎಂದಿತು. ಹಾಗಾಗಿ ಕೊಡದೇ ಇದ್ದದ್ದನ್ನು ನಿರ್ಲಕ್ಷ್ಯ ಅನ್ನಲಾಗದು. ಬೆನ್ನುಹುರಿಯ ಮೇಲಿನ ಒತ್ತಡ ಬೇಗ ತೆಗೆಯುವ ಆಪರೇಷನ್, ರಕ್ತದೊತ್ತಡ ಬೀಳದಂತೆ ನೋಡಿಕೊಳ್ಳುವುದು, ಇವಕ್ಕೇ ನಾನು ಜಾಸ್ತಿ ತೂಕ ಕೊಡುತ್ತೇನೆ.

ಪ್ರಶ್ನೆ: ಅರ್ಥವಾಯಿತು ಸರ್. ಈಗಲೂ ಕೋಶಗಳು ಸಾಯುತ್ತಾ ಇರುತ್ತವಾ? ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿಸಿ ಅಂತ ಒಬ್ಬರು ಹೇಳುತ್ತಿದ್ದಾರೆ.

ಉತ್ತರ: ಕೆಲವು ಸಾಯುತ್ತವೆ. ನರತಂತುಗಳಿಗೆ ಮೈಲಿನ್ ಹೊದಿಕೆ ಹಾಕುವ ಕೋಶಗಳಿವೆಯಲ್ಲ, ಅವು ವಾರಗಟ್ಟಲೆ ಒಂದೊಂದಾಗಿ ಕಳಚಿಕೊಳ್ಳುತ್ತವೆ. ಹೊದಿಕೆ ಹೋದರೆ ತಂತು ತುಂಡಾಗದಿದ್ದರೂ ಸಂದೇಶ ಸರಿಯಾಗಿ ಹರಿಯುವುದಿಲ್ಲ. ಹೊಸ ಹೊದಿಕೆ ಸ್ವಲ್ಪಮಟ್ಟಿಗೆ ಬೆಳೆಯುತ್ತದೆ ಅನ್ನುವುದು ಸಮಾಧಾನ. ಸತ್ತ ನರಕೋಶ ಮಾತ್ರ ಮರಳಿ ಬರುವುದಿಲ್ಲ. ಸ್ಟೆಮ್ ಸೆಲ್ ಇನ್ನೂ ಸಂಶೋಧನೆಯ ಹಂತದಲ್ಲಿದೆ. ದುಡ್ಡು ಕೇಳಿ ಹಾಕುವವರಿಂದ ದೂರ ಇರಿ.

ಗುದದ ಸುತ್ತ ಮುಟ್ಟಿದರೆ ಅಣ್ಣನಿಗೆ ಗೊತ್ತಾಗುತ್ತದಾ? ಕೇಳಲು ಮುಜುಗರ ಬೇಡ, ಅದು ಮುಖ್ಯ ಪರೀಕ್ಷೆ. ಗೊತ್ತಾಗುತ್ತಿದ್ದರೆ ಒಂದಷ್ಟು ತಂತು ಉಳಿದಿವೆ ಎಂದರ್ಥ, ಚೇತರಿಕೆಯ ಸಾಧ್ಯತೆಯೂ ಹೆಚ್ಚು. ಪೆಟ್ಟಿನ ತೀವ್ರತೆ ಹೇಳುವ ಎ ಇಂದ ಇ ವರೆಗಿನ ಗ್ರೇಡ್‌ನಲ್ಲಿ ಏನು ಬರೆದಿದ್ದಾರೆ ಎಂದು ಅಲ್ಲಿನ ಡಾಕ್ಟರನ್ನು ಕೇಳಿ, ಇಲ್ಲಿ ಹಾಕಿ. ಅದಿಲ್ಲದೆ ನಾನು ಏನು ಹೇಳಿದರೂ ಸುಮ್ನೆ ಅಂದಾಜು.